ಮೇಷ್ಟ್ರ ಬಾಡಿಗೆ ಬೈಕು

“ಬಸ್ಸಂತೆ, ಬಸ್ಸು! ಊರಿಗೆಲ್ಲ ಕಾರು ಕಲಿಸಿದವನು ರಜೆಗೆ ಬಂದು ಬಸ್ಸಲ್ಲಿ ಜೋತಾಡಬೇಕೇನು? ಬಾಡಿಗೆ ಬೈಕ್ ತಗೋತೀನಿ. ನಿನ್ನ ಹಿಂದೆ ಕೂರಿಸ್ಕೊಂಡು ದೀಪಸ್ತಂಭ ತೋರಿಸ್ತೀನಿ!”

ಸಮುದ್ರದಂಡೆಯ ಲಾಡ್ಜಿನ ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತು ಡ್ರೈವಿಂಗ್ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಟವೆಲ್ ಮಡಚುತ್ತಿದ್ದರು.

“ಕಲಿಸಿದ್ದು ಸರಿ ರೀ. ಓಡಿಸಿದ್ದು ಯಾವಾಗ?”

ಪ್ರಶ್ನೆಯಲ್ಲಿ ಹುರುಳಿತ್ತು. ಮೇಷ್ಟ್ರ ಆಯುಷ್ಯ ಸವೆದದ್ದೆಲ್ಲ ಶಿಷ್ಯರ ಪಕ್ಕದ ಸೀಟಿನಲ್ಲಿ. ಅಲ್ಲಿ ಅವರ ಕಾಲಡಿ ಹೆಚ್ಚುವರಿ ಬ್ರೇಕು, ಬಾಯಲ್ಲಿ ಹೆಚ್ಚುವರಿ ಬೈಗುಳ! ಶಿಷ್ಯ ತಡವರಿಸಿದರೆ ಕೈ ಚಾಚಿ ಸ್ಟೀರಿಂಗ್ ಕಿತ್ತುಕೊಳ್ಳುವುದೇ ಅವರ ಬೋಧನಾಕ್ರಮ. ಇಷ್ಟೆಲ್ಲ ವಿದ್ಯಾದಾನ ಮಾಡಿದವರು ಹೆಂಡತಿಗೆ ಮಾತ್ರ ಕಾರಿನ ಕೀ ಮುಟ್ಟಗೊಟ್ಟಿರಲಿಲ್ಲ. “ನಿನಗೆ ರಸ್ತೆ ಮೇಲೆ ಗಮನ ಇರಲ್ಲ” ಎಂಬುದು ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ!

“ಒಂದು ಗೀರೂ ಬೀಳದ ಹಾಗೆ ಹೋಗಿಬಂದ್ರೆ ಇನ್ನು ಕಾರಿನ ಸುದ್ದಿ ಎತ್ತಲ್ಲ,” ಎಂದರು ಆಕೆ. “ಎಡವಟ್ಟಾದ್ರೆ ಕಾರಿನ ಕೀ ನನಗೆ. ಒಪ್ಪಿಗೇನಾ?”

“ಧಾರಾಳವಾಗಿ!”

ಬಾಡಿಗೆ ಅಂಗಡಿಯವನು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಭ್ಯಾಸ ಇದೆಯಾ ಸಾರ್?” ಎಂದ.

“ನಿನ್ನಂಥವರಿಗೆ ಅಭ್ಯಾಸ ಮಾಡಿಸಿದವನು ಕಣಯ್ಯಾ ನಾನು!”

ಬೈಕು ಹೊರಟಿತು. ನೇರ ರಸ್ತೆಯಲ್ಲಿ ಮೇಷ್ಟ್ರು ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯೇ! ಆದರೆ ತಿರುವು ದಾಟಿದರೆ ಇಳಿಜಾರು. ಇಳಿಜಾರಿನ ತುದಿಯಲ್ಲಿ, ಇಬ್ಬರು ಲಾಡ್ಜಿನ ಕೆಲಸದವರು ಡಬ್ಬಲ್ ಹಾಸಿಗೆಯೊಂದನ್ನು ಅಡ್ಡಡ್ಡ ಎತ್ತಿಕೊಂಡು ರಸ್ತೆ ದಾಟುತ್ತಿದ್ದರು.

ಮೇಷ್ಟ್ರ ಕಣ್ಣು ಅಪಾಯವನ್ನು ಕೂಡಲೇ ಗುರುತಿಸಿತು. ಬಾಯಿ ಕೂಡಲೇ ಕೆಲಸಕ್ಕೆ ಇಳಿಯಿತು.

“ಬ್ರೇಕ್! ಬ್ರೇಕ್ ಒತ್ತಮ್ಮಾ! ಕಣ್ಣು ಕಾಣಲ್ವಾ?”

“ನನಗ್ಯಾಕ್ರೀ ಹೇಳ್ತೀರಾ? ಬ್ರೇಕ್ ನಿಮ್ಮ ಹತ್ರಾನೇ ಇದೆ!”

ಅಷ್ಟರಲ್ಲಿ ಮೇಷ್ಟ್ರ ಬಲಗೈ ಹ್ಯಾಂಡಲ್ ಬಿಟ್ಟು, ಪಕ್ಕದಲ್ಲಿಲ್ಲದ ಶಿಷ್ಯನ ಸ್ಟೀರಿಂಗ್ ಕಿತ್ತುಕೊಳ್ಳಲು ಗಾಳಿಗೆ ಚಾಚಿತ್ತು! ಕೆಲಸದವರು ಹಾಸಿಗೆ ಬಿಟ್ಟು ಪಕ್ಕಕ್ಕೆ ಹಾರಿದರು. ಧೊಪ್!

ಯಾರಿಗೂ ಪೆಟ್ಟಾಗಲಿಲ್ಲ. ಹೆಂಡತಿ ಕಾಲೂರಿ ನಿಂತಿದ್ದರು. ಬೈಕು ಅಡ್ಡಬಿದ್ದಿತ್ತು, ಕನ್ನಡಿ ಒಡೆದಿತ್ತು. ಮೇಷ್ಟ್ರು ಹಾಸಿಗೆಯ ನಟ್ಟನಡುವೆ ಅಂಗಾತ.

ಕೆಲಸದವನೊಬ್ಬ ಬಗ್ಗಿ ನೋಡಿದ. “ಮಲಗೋ ಆಸೆ ಇದ್ರೆ ಒಳಗೆ ರೂಮ್ ಖಾಲಿ ಇತ್ತಲ್ಲ, ಸಾರ್!”

ಮೇಷ್ಟ್ರು ಎದ್ದು ಧೂಳು ಕೊಡವಿಕೊಂಡು, “ರಸ್ತೆ ಸರಿ ಇಲ್ಲ. ತಳ್ಕೊಂಡು ವಾಪಸ್ ಹೋಗೋಣ” ಎಂದರು.

ಹೆಂಡತಿ ಬೈಕ್ ಎತ್ತಿ ನಿಲ್ಲಿಸಿ, ಸೆರಗು ಬಿಗಿದು, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿದರು. ಮೇಷ್ಟ್ರ ಬಾಯಿ ತೆರೆದದ್ದು ತೆರೆದೇ ಇತ್ತು.

“ಲೈ... ಲೈಸೆನ್ಸು?”

ಆಕೆ ಪರ್ಸಿನಿಂದ ತೆಗೆದು ಮೂಗಿನ ಮುಂದೆ ಹಿಡಿದರು. “ಕಾರಿಗೂ ಇದೆ.”

“ಯಾರು ಕಲಿಸಿದ್ದು?”

“ನಮ್ಮನೆ ಹಿಂದಿನ ಬೀದಿ ಡ್ರೈವಿಂಗ್ ಸ್ಕೂಲಿನವರು.”

“ಅವನಾ! ಅವನಿಗೆ ವಿದ್ಯೆ ಕಲಿಸಿದ್ದೇ ನಾನು!”

“ಅವರೂ ಹೇಳಿದ್ರು. ಅದನ್ನೆಲ್ಲ ಮರೆಯೋಕೆ ಎರಡು ವರ್ಷ ಹಿಡೀತಂತೆ. ಹತ್ತಿ!”