ಬಾಯಮ್ಮನ ಜಗಲಿಯಲ್ಲಿ ಲೇಸು ಕಲಿತದ್ದು

ನಗುವಂಥ ಸಂಗತಿಗಳು ನನ್ನ ಬದುಕಿನಲ್ಲಿ ಬೇಕಾದಷ್ಟು ನಡೆದಿವೆ. ಆದರೆ ಅವು ನಡೆಯುವುದು ಜೊತೆಗೆ ಕೂತು ನಗಲಿಕ್ಕೆ ಯಾರೂ ಇಲ್ಲದ ಹೊತ್ತು ನೋಡಿಯೇ. ಅದಕ್ಕೇ ಈಗ ಬರೆದಿಡುತ್ತಿದ್ದೇನೆ.

ಆಗ ನಾನು ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಹೆಂಡತಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮದು ಅಳಿಯಕಟ್ಟು, ಮಕ್ಕಳು ತಾಯಿಯ ಮನೆಗೆ ಸೇರಿದವರು. ಹಾಗಾಗಿ ಒಂಬತ್ತು ವರ್ಷದ ನನ್ನ ಮಗಳು ಪಡೀಲಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ನಾನು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಗಂಜಿ ಬೇಯಿಸಿಕೊಂಡಿದ್ದೆ. ಆ ವರ್ಷ ಶಾಲೆಗೆ ರಜೆ ಸಿಕ್ಕಾಗ ಅತ್ತೆಗೆ ಏನನ್ನಿಸಿತೋ, "ಮಗು ಒಂದು ತಿಂಗಳು ನಿಮ್ಮಲ್ಲಿ ಇರಲಿ" ಎಂದು ಗಾಡಿಯಲ್ಲಿ ಕಳಿಸಿಕೊಟ್ಟರು.

ಹಸು ಕರು ಹಾಕಿದ್ದು

ಮಗಳು ಬಂದವಳು ನೆಂಟರ ಮನೆಗೆ ಬಂದ ಹಾಗೆ ಗೋಡೆಗೆ ಒರಗಿ ಕೂತಳು. ಕೇಳಿದ್ದಕ್ಕೆ ತಲೆಯಾಡಿಸುವುದು, ಇಲ್ಲವಾದರೆ ಸುಮ್ಮನಿರುವುದು. ಅವಳ ಹತ್ತಿರ ಎಂತ ಮಾತಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಕಾರ್ಖಾನೆಯಿಂದ ಬರುವಾಗ ದಾರಿಯುದ್ದಕ್ಕೂ ಯೋಚಿಸಿ ಮೂರು ಪ್ರಶ್ನೆ ಸಿದ್ಧ ಮಾಡಿಕೊಂಡೆ. ಶಾಲೆ ಹೇಗುಂಟು, ಅಜ್ಜಿಗೆ ಸೊಂಟ ನೋವು ಕಡಿಮೆಯಾ, ಮನೆಯ ಹಸು ಕರು ಹಾಕಿತಾ.

ಗಂಜಿ ತಣಿಯುವುದರೊಳಗೆ ಮೂರೂ ಮುಗಿದವು. ಆಮೇಲೆ ಇಬ್ಬರೂ ಉಪ್ಪಿನಕಾಯಿಯ ಭರಣಿ ನೋಡುತ್ತಾ ಉಂಡೆವು.

ಮರುದಿನ ಸಂಜೆ ಹೊಸ ಪ್ರಶ್ನೆ ಹೊಳೆಯಲಿಲ್ಲ. ಶಾಲೆಯಿಂದಲೇ ಶುರು ಮಾಡಿದೆ. ಅದು ಮುಗಿಯಿತು. ಅಜ್ಜಿಯ ಸೊಂಟವೂ ಮುಗಿಯಿತು. "ಹಸು ಕರು ಹಾಕಿತಾ?" ಎಂದೆ.

ಅವಳು ತುತ್ತು ನುಂಗಿ, ನಿಧಾನವಾಗಿ ಹೇಳಿದಳು: "ಹಾಕಿದೆ ಅಂತ ನಿನ್ನೆಯೇ ಹೇಳಿದೆನಲ್ಲ. ಅದು ದಿನಾ ಹಾಕುವುದಿಲ್ಲ."

ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ನಮ್ಮ ಮನೆಯಲ್ಲಿ ಇಲ್ಲದ ವಸ್ತುಗಳು

ಪಕ್ಕದ ಮನೆಯಲ್ಲಿ ಒಬ್ಬರು ಕ್ರಿಸ್ತಾಂವ್ ಮುದುಕಿ ಇದ್ದರು. ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಜಗಲಿಯಲ್ಲಿ ಕೂತು ಸಣ್ಣ ಕೊಕ್ಕೆಕಡ್ಡಿಯಲ್ಲಿ ಬಿಳಿ ದಾರದ ಲೇಸು ಹೆಣೆಯುವುದು ಅವರ ಕೆಲಸ. ವಾರ ಕಳೆಯುವುದರೊಳಗೆ ಮಗಳು ಹಗಲೆಲ್ಲ ಅಲ್ಲೇ ಇರತೊಡಗಿದಳು. ನಾನು ಸಂಜೆ ಮನೆಗೆ ಬಂದು ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ. ಪಕ್ಕದ ಜಗಲಿಯಿಂದ ಅವಳ ನಗು ಕೇಳುತ್ತಿತ್ತು. ಅವಳು ನಗುತ್ತಾಳೆ ಎಂಬುದು ನನಗೆ ತಿಳಿದದ್ದು ಹಾಗೆ, ಗೋಡೆಯ ಈಚೆ ಕಡೆಯಿಂದ.

ಸುಮ್ಮನೆ ಹೋಗಲು ಮುಖವಿಲ್ಲ. ಮೊದಲ ದಿನ ಬೆಂಕಿಪೆಟ್ಟಿಗೆ ಕೇಳಿಕೊಂಡು ಹೋದೆ. ಮರುದಿನ ಚೂರಿ. ಅದರ ಮರುದಿನ ಉಪ್ಪು. ಹೋದವನು ಸ್ವಲ್ಪ ಹೊತ್ತು ನಿಂತು, ಮಗಳ ಬೆರಳು ದಾರದಲ್ಲಿ ಓಡುವುದನ್ನು ನೋಡಿ ಬರುತ್ತಿದ್ದೆ. ನಾಲ್ಕನೆಯ ದಿನ ಜರಡಿ ಕೇಳಿದಾಗ ಬಾಯಮ್ಮ ಕನ್ನಡಕದ ಮೇಲಿನಿಂದ ನೋಡಿದರು.

"ನಿಮ್ಮ ಮನೆಯಲ್ಲಿ ಎಂತೆಂತ ಇಲ್ಲ ಅಂತ ಒಮ್ಮೆಗೇ ಪಟ್ಟಿ ಬರೆದು ಕೊಡಿ. ದಿನಾ ನಡೆಯುವುದು ಯಾಕೆ?"

ಮನೆಯಲ್ಲಿ ಇಲ್ಲದ್ದು ಜರಡಿಯಲ್ಲ ಎಂದು ಅವರಿಗೂ ಗೊತ್ತಿತ್ತೋ ಏನೋ. ಮಣೆಯೊಂದನ್ನು ನನ್ನ ಕಡೆ ಸರಿಸಿ, ಕೈಗೆ ಒಂದು ಕೊಕ್ಕೆಕಡ್ಡಿ, ದಾರದ ಉಂಡೆ ಕೊಟ್ಟರು. "ಈ ಜಗಲಿಯಲ್ಲಿ ಕೈ ಕಟ್ಟಿ ಕೂರುವ ಹಾಗಿಲ್ಲ. ಕೂರುವುದಾದರೆ ಹೆಣೆಯಬೇಕು."

ಕೂತೆ. ಆಮೇಲೆ ಅವರು ಮಗಳ ಕಡೆ ತಿರುಗಿ ಹೇಳಿದರು: "ಇವರಿಗೆ ನೀನೇ ಕಲಿಸು. ಗಂಡಸರಿಗೆ ಕಲಿಸುವಷ್ಟು ಆಯುಸ್ಸು ನನಗೆ ಉಳಿದಿಲ್ಲ."

ಬಿಚ್ಚಿ

ಮೇ ತಿಂಗಳ ಸೆಕೆ. ಬಿಳಿ ದಾರ ನನ್ನ ಬೆವರಿಗೂ ಕೈಯ ಹಂಚಿನ ಧೂಳಿಗೂ ಸಿಕ್ಕಿ ಮೂರೇ ದಿನದಲ್ಲಿ ಹಂಚಿನ ಬಣ್ಣಕ್ಕೆ ತಿರುಗಿತು. ನಾನು ಹೆಣೆಯಬೇಕಾಗಿದ್ದದ್ದು ಲೋಟದ ಮೇಲೆ ಮುಚ್ಚುವ ದುಂಡನೆಯ ಲೇಸು. ದಾರ ಬಿಗಿ ಎಳೆದದ್ದರಿಂದ ಅದು ಚಪ್ಪಟೆಯಾಗಿ ಕೂರದೆ ಅಂಚೆಲ್ಲ ಮೇಲಕ್ಕೆದ್ದು ಬಟ್ಟಲಾಯಿತು. ಕಾಗದ ಕೊಡಲು ಬಂದ ಅಂಚೆಯವರು ಅದನ್ನು ತಿರುಗಿಸಿ ನೋಡಿ, "ಕಾಫಿ ಸೋಸಲಿಕ್ಕಾ? ಕಣ್ಣು ಸ್ವಲ್ಪ ದೊಡ್ಡದಾಯಿತು" ಎಂದರು.

ಮಗಳು ಜೋರಿನ ಗುರು. ದಾರದ ಹತ್ತು ಕುಣಿಕೆ, ಅಂದರೆ ಕಣ್ಣು, ಹಾಕುವಾಗ ಒಂದು ತಪ್ಪಿದರೂ "ಬಿಚ್ಚಿ" ಎನ್ನುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳು ನನ್ನೊಡನೆ ಅತಿ ಹೆಚ್ಚು ಆಡಿದ ಮಾತು ಅದೇ. ಆದರೆ ಪ್ರತಿ ಸಲ ಬಿಚ್ಚಿದಾಗಲೂ ಅವಳು ಹತ್ತಿರ ಸರಿದು, ನನ್ನ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು, ದಾರ ಸುತ್ತುವುದನ್ನು ಮತ್ತೆ ತೋರಿಸುತ್ತಿದ್ದಳು. ಅವಳ ತಲೆಯಿಂದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು.

ಹೀಗಿರುವಾಗ ನನಗೆ ಕೆಲಸ ಕೈಗೆ ಹತ್ತತೊಡಗಿತು. ತಪ್ಪುವುದು ಕಡಿಮೆಯಾಯಿತು. ಅವಳು ಹತ್ತಿರ ಬರುವುದೂ ಕಡಿಮೆಯಾಯಿತು. ಒಂದು ಸಂಜೆ ನಾನು ಬೇಕೆಂದೇ ಎರಡು ಕಣ್ಣು ಬಿಟ್ಟು ಅವಳ ಮುಂದೆ ಹಿಡಿದೆ.

ಅವಳು ನೋಡಿದಳು. ಬಿಚ್ಚಿ ಎನ್ನಲಿಲ್ಲ.

"ಇದು ಬೇಕೆಂದು ಮಾಡಿದ ತಪ್ಪು," ಎಂದಳು. "ನಿಮ್ಮ ನಿಜವಾದ ತಪ್ಪು ಇದಕ್ಕಿಂತ ದೊಡ್ಡದಿರುತ್ತದೆ."

ಒಂದು ಡಜನ್ ಕಡ್ಡಿ

ಅಭ್ಯಾಸ ತಪ್ಪದಿರಲಿ ಎಂದು ಕಡ್ಡಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕಾರ್ಖಾನೆಗೂ ಹೋಗುತ್ತಿದ್ದೆ. ಬಿಡುವಿನ ಹೊತ್ತಿಗೆ ಹಂಚಿನ ರಾಶಿಯ ಹಿಂದೆ ಎರಡು ಸಾಲು. ಒಂದು ದಿನ ಬಗ್ಗಿದಾಗ ಕಡ್ಡಿ ಕಿಸೆಯಿಂದ ಜಾರಿ ಹೆಡ್ ಗುಮಾಸ್ತರ ಮೇಜಿನ ಮೇಲೆ ಬಿತ್ತು.

"ಇದೆಂತ ಮಾರಾಯರೆ?"

ಬಾಯಿಗೆ ಬಂದದ್ದನ್ನು ಹೇಳಿದೆ: "ಪೆನ್ನಿನ ನಿಬ್ಬು ಚೊಕ್ಕ ಮಾಡುವ ಕಡ್ಡಿ."

ಅವರು ಅಲ್ಲೇ ತಮ್ಮ ಪೆನ್ನಿನ ಒಣಗಿದ ಮಸಿಯನ್ನೆಲ್ಲ ಕೆರೆದು ತೆಗೆದರು. ಬಹಳ ಖುಷಿಯಾಯಿತು. "ಕಚೇರಿಗೆ ಒಂದು ಡಜನ್ ತನ್ನಿ" ಎಂದು ಅಪ್ಪಣೆಯಾಯಿತು.

ದಾರ, ಗುಂಡಿ ಮಾರುವ ಅಂಗಡಿಗೆ ಹೋಗಿ ಒಂದು ಡಜನ್ ಕೊಕ್ಕೆಕಡ್ಡಿ ಕೇಳಿದೆ. ಅಂಗಡಿಯವರು ಎಣಿಸಿ ಕಟ್ಟುತ್ತಾ, "ಮನೆಯಲ್ಲಿ ಹೆಣ್ಣುಮಕ್ಕಳು ತುಂಬ ಇರಬೇಕು" ಎಂದರು.

"ಒಬ್ಬಳು. ಅವಳೂ ಬರುವ ವಾರ ಅಜ್ಜಿ ಮನೆಗೆ ಹೋಗುತ್ತಾಳೆ."

ಅವರು ಕಟ್ಟು ಬಿಚ್ಚಿ ನನ್ನ ಮುಂದಿಟ್ಟರು. "ಹಾಗಾದರೆ ಇನ್ನೊಮ್ಮೆ ಯೋಚನೆ ಮಾಡಿ."

ಮನೆಯಲ್ಲಿ ಹೆಂಗಸು

ಮಗಳು ಗಾಡಿ ಹತ್ತುವಾಗ ನಾನು ಅವಳ ಕಿವಿಯಲ್ಲಿ ಹೇಳಿದೆ: "ನಾನು ಲೇಸು ಹೆಣೆಯುವುದನ್ನು ಅಲ್ಲಿ ಯಾರಿಗೂ ಹೇಳಬೇಡ. ನಿನ್ನ ಸೋದರಮಾವ ನಗುತ್ತಾರೆ." ಅವಳು ಆಗಲಿ ಎಂದು ತಲೆಯಾಡಿಸಿದಳು.

ಅವಳು ಹೋದ ಮೇಲೆ ಸಂಜೆಗಳು ಬಹಳ ಉದ್ದವಾದವು. ಬಾಯಮ್ಮನೂ ಮಗನ ಮನೆಗೆ ಹೋಗಿದ್ದರು. ಹೆಣೆಯುವುದೊಂದೇ ಉಳಿಯಿತು. ಮಗಳ ಲಂಗದ ಅಂಚಿಗೆಂದು ನಾಲ್ಕು ಮೊಳ ಲೇಸು ಹೆಣೆದು, ಒಗೆದು, ಮಡಚಿ, ಪಡೀಲಿಗೆ ಹೋಗುವ ತರಕಾರಿ ಗಾಡಿಯವರ ಕೈಯಲ್ಲಿ ಕಳಿಸಿದೆ. ಒಂದು ಕಣ್ಣೂ ತಪ್ಪಿರಲಿಲ್ಲ. ಅದೇ ತೊಂದರೆಯಾದದ್ದು.

ಮುಂದಿನ ಆದಿತ್ಯವಾರ ಬೆಳಿಗ್ಗೆ ಅತ್ತೆ, ಅವರ ಮಗ ಅಂದರೆ ನನ್ನ ಭಾವ, ಮಗಳು ಮೂವರೂ ಬಂದು ಇಳಿದರು. ಅತ್ತೆ ನೀರೂ ಕುಡಿಯಲಿಲ್ಲ. ಭಾವ ಕೆಮ್ಮಿ ಗಂಟಲು ಸರಿ ಮಾಡಿಕೊಂಡು ಕೇಳಿದರು: "ಯಾರವಳು?"

"ಯಾವಳು?"

"ಲೇಸು ಹೆಣೆದವಳು. ಮಗುವಿನ ಹತ್ತಿರ ಕೇಳಿದರೆ, ಅಪ್ಪ ಹೇಳಬಾರದು ಅಂದಿದ್ದಾರೆ ಅನ್ನುತ್ತದೆ. ಇನ್ನು ನಾವು ಎಂತ ತಿಳಿದುಕೊಳ್ಳಬೇಕು?"

ಮಗಳನ್ನು ನೋಡಿದೆ. ಕೊಟ್ಟ ಮಾತು ಉಳಿಸಿದವಳ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಾನೇ ಹೆಣೆದದ್ದು" ಎಂದೆ. ಭಾವ ನಂಬಲಿಲ್ಲ. ಕೊನೆಗೆ ಕಡ್ಡಿ, ದಾರ ತಂದು ಅವರೆದುರು ಚಾಪೆಯ ಮೇಲೆ ಕೂತೆ. ಒಂದು ಸಾಲಾಯಿತು. ಭಾವ ಮೂಗಿನ ಹತ್ತಿರ ಹಿಡಿದು ನೋಡಿ, "ಇನ್ನೊಂದು ಸಾಲು ಹಾಕಿ ನೋಡುವ" ಎಂದರು. ಅದೂ ಆಯಿತು. ಬಾಗಿಲಿನಿಂದ ಮಗಳು ಹೇಳಿದಳು: "ಅಪ್ಪ, ಮೂರನೆಯ ಕಣ್ಣು ಬಿಟ್ಟಿರಿ. ಬಿಚ್ಚಿ."

ಬಿಚ್ಚಿದೆ. ಭಾವ ನಕ್ಕುಬಿಟ್ಟರು.

ಅತ್ತೆ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದರು. ಒಂದು ಮಡಕೆ, ಒಂದು ಬಟ್ಟಲು, ಒಂದು ಲೋಟ, ಬೆಳಗ್ಗಿನ ಗಂಜಿ ಅಡಿ ಹಿಡಿದದ್ದು. ಒಂದೊಂದನ್ನೇ ನೋಡಿ ಹೊರಗೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗನಿಗೆ ಹೇಳಿದರು:

"ಇಲ್ಲ ಮಗ, ಇಲ್ಲಿ ಯಾವ ಹೆಂಗಸೂ ಇಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು."