ಕೈಮುಗಿದವರಿಗೆಲ್ಲ ನೀರು

"ಇನ್ನ ಮುಂದ ನಿನ್ನ ಗಿಡಕ್ಕ ನಿನ್ನ ಹಂಗಿಲ್ಲ!" ಎನ್ನುತ್ತ ಗುರುಪಾದಪ್ಪ ಪಡಸಾಲೆಯಲ್ಲಿ ತನ್ನ ಹೊಸ ಯಂತ್ರದ ಬಟನ್ ಒತ್ತಿದ. ಮಿಕ್ಸರಿನ ಮೋಟರು, ಹಳೆ ಮೊಬೈಲಿನ ಕ್ಯಾಮೆರಾ, ಮಾಳಿಗೆಯ ಟ್ಯಾಂಕಿನಿಂದ ಇಳಿಸಿದ ಪೈಪು. ಎಲೆ ಮುಚ್ಚಿದ್ದು ಕಂಡರೆ ಸಾಕು, ತಾನೇ ನೀರು ಬಿಡುತ್ತದಂತೆ!

ಹೆಂಡತಿ ಕಾಶವ್ವನಿಗೆ ಪಿತ್ತ ನೆತ್ತಿಗೇರಿತು. ತೀರಿಕೊಂಡ ಅಕ್ಕನ ಮನೆಯಿಂದ ಬೆರಳುದ್ದದ ಕಡ್ಡಿ ತಂದು, ಹುಬ್ಬಳ್ಳಿಯ ಬಿಸಿಲು ತಾಗದಂತೆ ಮೂಲೆಯಲ್ಲಿಟ್ಟು, ಎರಡು ವರ್ಷ ಸಾಕಿದ ಗಿಡವದು. ಇದ್ದದ್ದೇ ಹನ್ನೊಂದು ಎಲೆ!

"ಅದು ದಿನಾ ಸಂಜಿಗೆ ಎಲಿ ಎತ್ತಿ ಕೈ ಮುಗೀತೈತ್ರಿ. ಅದರ ಜಾತಿಗುಣ ಅದು. ನೀರಡಿಕಿ ಅಲ್ಲ!"

"ಮಣ್ಣಿಗೆ ಬೆರಳೊತ್ತಿ ನೋಡಿ ನಾಕ ದಿನಕ್ಕ ಒಂದ ಲೋಟ ಹಾಕಾಕಿ ನೀ, ನಿನಗೇನ ಗೊತ್ತ? ಇದು ಸೈನ್ಸ್!"

ಸಂಜೆ ಗಿಡ ಕೈಮುಗಿಯಿತು. "ಬಾಯಾರಿಕೆ! ಬಾಯಾರಿಕೆ!" ಎಂದು ಕೂಗಿದ ಯಂತ್ರ ಕುಂಡದಲ್ಲಿ ಕೆರೆ ಕಟ್ಟಿತು. ಕಾಶವ್ವ ಪ್ಲಗ್ ಕಿತ್ತಳು. ನಿಲ್ಲಲಿಲ್ಲ!

"ಬ್ಯಾಟರಿ ಹಾಕೇನಿ," ಎಂದು ಗಂಡ ಬೀಗಿದ.

ನಾಲ್ಕು ಸಂಜೆ ಇದೇ ಜಗಳ. ಅವಳು ಕುಂಡ ಒಳಗಿಟ್ಟರೆ ಅವನು ಹೊರಗಿಡುವನು. ಐದನೆಯ ದಿನ ಎಲೆಗಳೆಲ್ಲ ಹಳದಿ! ಕಾಶವ್ವ ಹಲ್ಲು ಕಡಿಯುತ್ತ ಕುಂಡವನ್ನು ಅಡುಗೆಮನೆಗೆ ಹೊತ್ತೊಯ್ದಳು. ಗಿಡ ಕಾಣದಾದ ಯಂತ್ರ ಮೂತಿ ತಿರುಗಿಸಿ ಬಾಗಿಲು ನೋಡತೊಡಗಿತು.

ಬಾಗಿಲಲ್ಲಿ ಬೀಗರು! ಗಂಜಿ ಹಾಕಿದ ಟೊಪ್ಪಿಗೆಯ ಹಿರಿಯರು "ಶರಣ್ರೀ" ಎಂದು ಎರಡೂ ಕೈ ಜೋಡಿಸಿದರು.

"ಬಾಯಾರಿಕೆ!"

ಮುಖಕ್ಕೆ ಚಿಮ್ಮಿದ ನೀರಿನ ರಭಸಕ್ಕೆ ಟೊಪ್ಪಿಗೆ ಅಂಗಳಕ್ಕೆ ಹಾರಿತು. ಬೀಗಿತ್ತಿ ಗಾಬರಿಯಿಂದ "ಶಿವನೇ!" ಎಂದು ಕೈಮುಗಿದಳು. ಆಕೆಗೂ ಅಷ್ಟೇ! ಇಬ್ಬರೂ ಚಪ್ಪಲಿ ಬಿಟ್ಟು ಓಡಿದರು.

ಅಡುಗೆಮನೆಯಲ್ಲಿ ಕಾಶವ್ವ ಗಿಡ ಕಿತ್ತು ನೋಡಿದಳು. ಬೇರುಗಳೆಲ್ಲ ಕರ್ರಗೆ ಕೊಳೆತಿದ್ದವು. ಜೀವವಿದ್ದ ಒಂದೇ ಗೆಣ್ಣನ್ನು ಕತ್ತರಿಸಿ ಲೋಟದ ನೀರಿಗೆ ನಿಲ್ಲಿಸಿ, ಹೊರಗೆ ಬಂದಳು. ಕಣ್ಣಲ್ಲಿ ಕೆಂಡ.

"ನಮ್ಮಕ್ಕನ ಕಡಿಂದ ನನಗ ಉಳದದ್ದ ಅದೊಂದ ಕಡ್ಡಿ! ಕೈ ಮುಗಿಯೂದು ಯಾವುದು, ಸಾಯೂದು ಯಾವುದು ತಿಳೀದವರು ಗಿಡದ ತಂಟೇಕ ಯಾಕ ಬರ್ತೀರಿ?"

ಗುರುಪಾದಪ್ಪನ ಮೀಸೆ ಇಳಿಯಿತು. "ತಪ್ಪಾತ, ಮಾರಾಯ್ತಿ!" ಎಂದು ಎರಡೂ ಕೈ ಜೋಡಿಸಿದ.

"ಬಾಯಾರಿಕೆ! ಬಾಯಾರಿಕೆ! ಬಾಯಾರಿಕೆ!"

ಟ್ಯಾಂಕು ಬರಿದಾಗುವ ತನಕ ಯಂತ್ರ ಬಿಡಲಿಲ್ಲ.

"ಒಂದ ಕಪ್ ಚಾ ಕೊಡs..." ಗುರುಪಾದಪ್ಪ ಗಡಗಡ ನಡುಗಿದ.

ಕಾಶವ್ವ ಅವನ ಭುಜಕ್ಕೆ ಬೆರಳೊತ್ತಿ ನೋಡಿದಳು.

"ಇನ್ನೂ ಹಸಿ ಐತಿ. ಒಣಗೂ ತನಕ ಏನೂ ಹಾಕೂ ಹಂಗಿಲ್ಲ."