ಬಾಲಣ್ಣನ ಒಂದೇ ಒಂದು ಹರಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಬರಿಗಣ್ಣಿಗೆ ಕಾಣದಷ್ಟು ಪುಟ್ಟ ಒಂದು ಹರಳು. ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ಇಣುಕಿದ ಬಾಲಣ್ಣನಿಗೆ ಹನಿಯೊಂದರ ನಡುವೆ ಅದು ಮಿನುಗಿದ್ದು ಕಂಡಿತು.

ಬಾಲಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ ವೈರಸ್ಸೊಂದರ ಬಾಲದ ಪ್ರೋಟೀನು ಯಾವ ಆಕಾರದ್ದು ಎಂದು ತಿಳಿಯಲು ಐದು ವರ್ಷದಿಂದ ಹೆಣಗುತ್ತಿದ್ದವನಿಗೆ ಲ್ಯಾಬಿನವರು ಕೊಟ್ಟ ಬಿರುದು. ಪ್ರೋಟೀನು ಹರಳುಗಟ್ಟಬೇಕು, ಹರಳಿಗೆ ಎಕ್ಸ್-ರೇ ಹಾಯಿಸಬೇಕು, ಆಗಲೇ ಆಕಾರ ತಿಳಿಯುವುದು. ಆದರೆ ಆ ಪ್ರೋಟೀನು ಲೋಳೆಯಾಗುತ್ತಿತ್ತು, ಗಸಿಯಾಗುತ್ತಿತ್ತು, ಹರಳು ಮಾತ್ರ ಆಗುತ್ತಿರಲಿಲ್ಲ. "ಇವತ್ತು ನಾಲ್ಕು ಗಂಟೆಯೊಳಗೆ ಹರಳು ಕೊಡದೆ ಇದ್ರೆ ವೈರಸ್ ಕೆಲಸ ಮುಚ್ಚಿಬಿಡೋಣ" ಎಂದು ಗೈಡ್ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಯಾರಿಗೂ ಹೇಳಬಾರದೆಂದುಕೊಂಡ. ಬಾಯಿ ಸುಮ್ಮನಿತ್ತು, ಮುಖ ಹೇಳಿಬಿಟ್ಟಿತು.

"ಬಂತೇನೋ? ಸರ್ಕೋ ನೋಡೋಣ" ಎಂದಳು ಎದುರು ಮೇಜಿನಲ್ಲಿ ಯೀಸ್ಟ್ ಬೆಳೆಸುವ ಯೀಸ್ಟಕ್ಕ. ನೋಡಿ ತುಟಿ ಕೊಂಕಿಸಿದಳು. "ಮುದ್ದಾಗಿದೆ ಕಣೋ. ಆದ್ರೆ ಹನಿಗೆ ಹಾಕಿರೋ ಉಪ್ಪೇ ಹರಳಾಗಿರಬಹುದು."

"ಉಪ್ಪಲ್ಲ ಅಕ್ಕ."

"ನಮ್ಮೆಜಮಾನ್ರೂ ಪಿಎಚ್‌ಡಿ ಮಾಡೋವಾಗ ಹಾಗೇ ಅಂದಿದ್ರು. ಆರು ತಿಂಗಳು ಉಪ್ಪನ್ನ ಮಗು ಥರ ಸಾಕಿದ್ರು, ಪಾಪ."

ಆಮೇಲೆ ಸ್ಟೋರ್‌ಕೀಪರ್ ಬಂದರು. ಕನ್ನಡಕ ಹಣೆಗೇರಿಸಿ ಬಗ್ಗಿದವರ ಮೊಣಕೈ ತಗುಲಿ ಹನಿಯಿದ್ದ ತಟ್ಟೆ ಮೇಜಿನಂಚಿಗೆ ಜಾರಿತು. ಬಾಲಣ್ಣ ಎಳೆಗೂಸನ್ನು ಹಿಡಿದಂತೆ ಹಿಡಿದುಕೊಂಡ. "ಮೂವತ್ತು ವರ್ಷ ಡಬ್ಬಿಗಟ್ಟಲೆ ಉಪ್ಪು ಕೊಟ್ಟೋನು ನಾನು. ಇದು ಉಪ್ಪೇ, ಬರೆದಿಟ್ಕೋ" ಎಂದರು ಅವರು.

ಮಧ್ಯಾಹ್ನದ ಹೊತ್ತಿಗೆ ಮಹಡಿಯವರೆಲ್ಲ ಸಾಲುಗಟ್ಟಿದ್ದರು. ಗಾಳಿಗೆ ಹರಳು ಕೆಡುತ್ತದೆಂದು ಒಬ್ಬರು ಕಿಟಕಿ ಮುಚ್ಚಿದರು, ಸೆಕೆಗೆ ಕೆಡುತ್ತದೆಂದು ಇನ್ನೊಬ್ಬರು ತೆರೆದರು. ಹರಳು ಅದನ್ನೆಲ್ಲ ತಡೆದುಕೊಂಡಿತು, ಬಾಲಣ್ಣನಿಗೆ ತಡೆಯಲಾಗಲಿಲ್ಲ. ಹತ್ತು ಜನ ಹೇಳಿದ ಮೇಲೆ ಅವನ ಕಣ್ಣಿಗೂ ಅದು ಉಪ್ಪಿನಂತೆಯೇ ಕಾಣತೊಡಗಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೇಡಂ ಬಂದರು. "ಎಲ್ಲರೂ ಉಪ್ಪು ಅಂತಿದಾರಲ್ಲಪ್ಪ?"

"ಸೂಜಿಯಲ್ಲಿ ಚುಚ್ಚಿ ನೋಡಿಬಿಡೋ" ಎಂದಳು ಯೀಸ್ಟಕ್ಕ. "ಉಪ್ಪಾದ್ರೆ ಟಕ್ ಅನ್ನತ್ತೆ. ಪ್ರೋಟೀನಾದ್ರೆ ಸೂಜಿ ಬೆಣ್ಣೆಗೆ ಹೋದ ಥರ ಮೆತ್ತಗೆ ಹೋಗತ್ತೆ."

ಬೆಳಗಿನಿಂದ ಮಾತು ಕೇಳಿ ಕೇಳಿ ಬಾಲಣ್ಣನಿಗೆ ರೋಸಿಹೋಗಿತ್ತು. ಸೂಜಿ ಎತ್ತಿಕೊಂಡು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಮನೆದೇವರಿಂದ ಹಿಡಿದು ನೆನಪಿದ್ದ ದೇವರನ್ನೆಲ್ಲ ನೆನೆದು ಮುಟ್ಟಿಸಿದ. ಟಕ್ ಎನ್ನಲಿಲ್ಲ. ಹರಳು ಮೆತ್ತಗೆ ಕುಸಿದು ಹನಿಯಲ್ಲಿ ಪುಡಿಪುಡಿಯಾಗಿ ಕದಡಿತು.

"ಪ್ರೋಟೀನು, ಪ್ರೋಟೀನು" ಎಂದು ಕೂಗಿದ. ಚಪ್ಪಾಳೆ ಬಿತ್ತು. ಯೀಸ್ಟಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಆಗ್ಲೇ ಹೇಳಲಿಲ್ವಾ" ಎಂದರು ಸ್ಟೋರ್‌ಕೀಪರ್. ಐದು ವರ್ಷದಲ್ಲಿ ಮೊದಲ ಸಲ ಮೇಡಂ ಬೆನ್ನು ತಟ್ಟಿದರು.

"ಭೇಷ್ ಕಣಯ್ಯ. ಎಕ್ಸ್-ರೇ ಮೆಷಿನ್ನಿನವರು ಕಾಯ್ತಿದಾರೆ. ಎಲ್ಲಿ, ಆ ಹರಳು ಕೊಡು."

ಬಾಲಣ್ಣ ಒಮ್ಮೆ ಸೂಜಿಯನ್ನು ನೋಡಿದ, ಒಮ್ಮೆ ಮೇಡಂ ಚಾಚಿದ ಕೈಯನ್ನು ನೋಡಿದ.

"ಯಾವ ಹರಳು ಮೇಡಂ? ಅದು ಪುಡಿಯಾಗಿದ್ದಕ್ಕೇ ಅಲ್ವಾ, ಪ್ರೋಟೀನು ಅಂತ ಗೊತ್ತಾಗಿದ್ದು."